ಮಂಡಿ ಹೋದ ಮೇಲೆ ನೃತ್ಯ ಕಟ್ಟಬಹುದಾ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಹದಿನಾಲ್ಕು ವರ್ಷ ಭರತನಾಟ್ಯ ಮಾಡಿದ್ದೇನೆ. ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ಬರೀ ಸಿಮೆಂಟ್ ನೆಲದ ಮೇಲೆ ಕುಣಿಸಿದರು, ಮಂಡಿ ತಿರುಚಿತು. ಈಗ ಮಂಡಿ ಅರ್ಧ ಬಗ್ಗಿಸಿ ಅರೆಮಂಡಿಗೆ ಕೂತರೆ ಒಳಗೆ ಕಟಕ್ ಅನ್ನುತ್ತದೆ. ಕುಣಿಯೋದು ಬಿಟ್ಟು ಹುಡುಗಿಯರಿಗೆ ಹೊಸ ನೃತ್ಯ ಕಟ್ಟೋಣ ಅಂತಿದ್ದೇನೆ. ಹೀಗೆ ದಾರಿ ಬದಲಿಸಿದವರು ಇದ್ದಾರಾ?

ಉತ್ತರ 1:
ಪಾಶ್ಚಾತ್ಯ ನೃತ್ಯ ಬ್ಯಾಲೆಯಲ್ಲಿ ಜಾರ್ಜ್ ಬಾಲಂಚೀನ್ ಇದ್ದರಲ್ವಾ! 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವರು. 1924ರಲ್ಲಿ ರಷ್ಯಾ ಬಿಟ್ಟು ದಿಯಾಗಿಲೆವ್ ಅನ್ನುವವರ ಬ್ಯಾಲೆ ತಂಡ ಸೇರಿದರು. ಮಂಡಿಗೆ ಪೆಟ್ಟಾಗಿ ಕುಣಿಯುವುದು ಕಮ್ಮಿಯಾಯಿತು, ಕಟ್ಟುವುದು ಜಾಸ್ತಿಯಾಯಿತು. 1928ರಲ್ಲಿ 'ಅಪೊಲೊ' ಅನ್ನುವ ಬ್ಯಾಲೆ ಕಟ್ಟಿದಾಗ ವಯಸ್ಸು ಬರೀ 24. ಆಮೇಲೆ ಅಮೆರಿಕಕ್ಕೆ ಹೋದರು, 1948ರಲ್ಲಿ ಅಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಅನ್ನುವ ತಂಡ ಶುರುವಾಯಿತು, ಅದೆಲ್ಲ ಇರಲಿ. ನನಗೆ ಇಷ್ಟವಾದದ್ದು ಅಮೆರಿಕದಲ್ಲಿ ಕಟ್ಟಿದ 1934ರ ಬ್ಯಾಲೆ 'ಸೆರೆನೇಡ್'. ಕುಣಿಯುವವರೆಲ್ಲ ಇನ್ನೂ ಕಲಿಯುತ್ತಿದ್ದವರು. ಮೊದಲ ದಿನ 17 ಹುಡುಗಿಯರು ಬಂದರು, ಆರಂಭದ ಭಾಗವನ್ನು 17 ಜನಕ್ಕೇ ಕಟ್ಟಿದರು. ತಾಲೀಮಿನಲ್ಲಿ ಒಬ್ಬಳು ಬಿದ್ದಳು, ಒಬ್ಬಳು ತಡವಾಗಿ ಬಂದಳು. ಎರಡನ್ನೂ ಹಾಗೇ ನೃತ್ಯದೊಳಗೆ ಸೇರಿಸಿಬಿಟ್ಟರು!

ಉತ್ತರ 2 (ಚಿತ್ರದುರ್ಗ):
ಅಕ್ಕಾ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಕಲಿಸುವಾಗಲೂ ಮಂಡಿ ಬಗ್ಗಿಸಿ ತೋರಿಸಲೇಬೇಕಲ್ಲ. ನಾನು ಸುಮ್ನೆ ಎಣ್ಣೆ ತಿಕ್ಕಿಕೊಂಡು ಆರು ತಿಂಗಳು ಹಾಳು ಮಾಡಿಕೊಂಡೆ. ಈಗ ಕುರ್ಚಿ ಮೇಲೆ ಕೂತು ತಾಳ ಹಾಕುವ ತಟ್ಟುಕೋಲಲ್ಲೇ ಕೆಲಸ. ಅಡವು, ಅಂದ್ರೆ ಹೆಜ್ಜೆಗಳನ್ನು ತೋರಿಸೋಕೆ ದೊಡ್ಡ ಹುಡುಗಿಯೊಬ್ಬಳನ್ನು ಮುಂದೆ ನಿಲ್ಲಿಸುತ್ತೇನೆ.

ಪ್ರಶ್ನೆ ಕೇಳಿದವಳು:
ಡಾಕ್ಟರ್ ಹತ್ತಿರ ಸೋಮವಾರ ಹೋಗುತ್ತೇನೆ. ಆ ತಡವಾಗಿ ಬಂದವಳ ವಿಷಯ ಓದಿ ನಗು ಬಂತು. ಹರಿಹರದಿಂದ ಬರುವ ಒಬ್ಬಳು ನಮ್ಮಲ್ಲೂ ಇದ್ದಾಳೆ, ದಿನಾ ಬಸ್ಸು ಲೇಟು. ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಗೆಜ್ಜೆ ಕಟ್ಟಿಕೊಂಡು ಮೆಲ್ಲಗೆ ಸಾಲಿಗೆ ನುಸುಳುತ್ತಾಳೆ. ನಾಳೆ ಬೈಯಲ್ಲ, ನಿಂತು ನೋಡುತ್ತೇನೆ.