ಸ್ಪಿಟ್ಜ್ ಮರಿಗಳಿಗೆ ಐದು ವಾರ, ಈಗಲೇ ಕೊಡಿ ಅಂತಾರೆ. ಕೊಡಬಹುದಾ?

ಟಿಳಕವಾಡಿ ಅಕ್ಕ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಸ್ಪಿಟ್ಜ್ ನಾಲ್ಕು ಮರಿ ಹಾಕಿದೆ. ಓಣಿಯವರೆಲ್ಲ ಪಾಮೇರಿಯನ್ ಅಂತಾರೆ, ಆದರೆ ಇದು ನಮ್ಮ ಕಡೆ ಎಲ್ಲ ಕಡೆ ಕಾಣುವ ಬಿಳಿ ಇಂಡಿಯನ್ ಸ್ಪಿಟ್ಜ್. ಮರಿಗಳಿಗೆ ಈಗ ಐದು ವಾರ. ಹಲ್ಲು ಬಂದಿವೆ, ಅದಕ್ಕೇ ತಾಯಿ ಹಾಲು ಕುಡಿಸೋಕೆ ಜಾಸ್ತಿ ಹೊತ್ತು ನಿಲ್ಲೋದಿಲ್ಲ, ಎದ್ದು ಹೋಗುತ್ತಾಳೆ.

ಮಾರುವ ವಿಚಾರ ಇಲ್ಲ. ಗೊತ್ತಿದ್ದ ಮನೆಗಳಿಗೇ ಕೊಡೋದು ಅಂತ ಮೊದಲೇ ಮಾತಾಗಿದೆ. ಒಂದು ಮರಿ ವಿಜಯಪುರಕ್ಕೆ ನನ್ನ ತಂಗಿಯ ಮನೆಗೆ, ಅವರದು ಊರ ಹೊರಗೆ ದ್ರಾಕ್ಷಿ ತೋಟದ ಮನೆ. ಇನ್ನೊಂದು ಬಾಗಲಕೋಟೆ ನವನಗರದ ನಮ್ಮ ಕಾಕಾ ಕಾಕುಗೆ, ಇಬ್ಬರಿಗೂ ವಯಸ್ಸಾಗಿದೆ, ಮಕ್ಕಳು ಪುಣೆಯಲ್ಲಿದ್ದಾರೆ. ಮೂರನೆಯದು ಇಲ್ಲೇ ಶಹಾಪುರಕ್ಕೆ, ಆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ನಾಲ್ಕನೆಯದು ಎಲ್ಲಕ್ಕಿಂತ ಸಣ್ಣದು, ಉಳಿದವುಗಳ ಅರ್ಧದಷ್ಟು ಕಾಣುತ್ತದೆ. ಅದನ್ನು ಯಾರೂ ಕೇಳಿಲ್ಲ.

ತಂಗಿ ದಿನಾ ಫೋನ್ ಮಾಡಿ, ಸಣ್ಣದಿದ್ದಾಗ ತಂದರೆ ಬೇಗ ಹೊಂದಿಕೊಳ್ಳುತ್ತದೆ, ಈ ಭಾನುವಾರ ಬಂದು ಒಯ್ಯುತ್ತೇವೆ ಅನ್ನುತ್ತಾಳೆ. ಇದು ನಿಜಾನಾ? ಎಷ್ಟು ದಿನಕ್ಕೆ ಕೊಡಬೇಕು, ಕೊಡುವ ಮುಂಚೆ ನಾನು ಏನೇನು ಮಾಡಿ ಕಳಿಸಬೇಕು, ಅವರಿಗೆ ಏನು ಹೇಳಬೇಕು? ಇಲ್ಲಿ ಜಿಟಿಜಿಟಿ ಮಳೆ ಹಿಡಿದಿದೆ, ಮನೆಯೆಲ್ಲ ಥಂಡಿ, ಅದೂ ಒಂದು ಚಿಂತೆ.

ಗುಮ್ಮಟದೂರು (ವಿಜಯಪುರ)

ಅಕ್ಕಾರೆ, ಈ ಭಾನುವಾರ ಕಳಿಸಬೇಡಿ. ಕನಿಷ್ಠ ಎಂಟು ವಾರ ಆಗಲಿ. ತಂಗಿಯವರಿಗೆ ಬೇಜಾರಾದರೂ ಪರವಾಗಿಲ್ಲ, ಮೂರು ವಾರದ ಮಾತು ಅಷ್ಟೇ.

ಸಣ್ಣದಿದ್ದಾಗ ತಂದರೆ ಹೊಂದಿಕೊಳ್ಳುತ್ತದೆ ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆದರೆ ಐದರಿಂದ ಎಂಟು ವಾರದ ನಡುವೆಯೇ ಮರಿ ತನ್ನ ಜೊತೆಯವುಗಳ ಹತ್ತಿರ ಆಡುತ್ತಾ ಕಲಿಯೋದು. ಒಂದು ಇನ್ನೊಂದನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಅಂತ ಕೂಗಿ ಆಟ ಬಿಟ್ಟು ಹೋಗುತ್ತದೆ. ತಾಯಿಗೆ ಕಚ್ಚಿದರೆ ಗುರ್ ಅನ್ನುತ್ತಾಳೆ. ಹಲ್ಲು ಎಷ್ಟು ಊರಬೇಕು ಅನ್ನೋದು ಮರಿಗೆ ಹೀಗೇ ಗೊತ್ತಾಗೋದು. ಇದನ್ನು ಕಲಿಯದೆ ಬಂದ ಮರಿ ಮನೆಯವರ ಕೈ ಕಾಲು ಹರಿಯುತ್ತದೆ, ಸಣ್ಣ ಸದ್ದಿಗೂ ಬೊಗಳುತ್ತದೆ, ಒಂದು ನಿಮಿಷ ಒಂಟಿ ಬಿಟ್ಟರೆ ಅಳುತ್ತದೆ. ಆಮೇಲೆ ಮನೆಯವರು ಬೇಸತ್ತು ಗೇಟಿನ ಹತ್ತಿರ ಸರಪಳಿ ಹಾಕಿ ಕಟ್ಟುತ್ತಾರೆ. ನಮ್ಮ ಓಣಿಯಲ್ಲಿ ಇಂಥವನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ. ಕಾನೂನಿನಲ್ಲೂ ಇದಿದೆ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೀವು ಮಾರುತ್ತಿಲ್ಲ, ಆದರೆ ಪುಕ್ಕಟೆ ಕೊಟ್ಟರೂ ಮರಿಗೆ ಬೇಕಾದ್ದು ಅದೇ ಅಲ್ವಾ.

ಇನ್ನು ವಿಜಯಪುರದ್ದೇ ಒಂದು ಮಾತು. ದ್ರಾಕ್ಷಿ ತೋಟದ ಮನೆ ಅಂದ್ರಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ಕಿಡ್ನಿ ಹೋಗುತ್ತದೆ. ಯಾವ ನಾಯಿಗೆ ಎಷ್ಟು ತಿಂದರೆ ಆಪತ್ತು ಅಂತ ಮೊದಲೇ ಹೇಳೋಕೆ ಆಗೋದಿಲ್ಲ. ಒಂದೆರಡು ಕಿಲೋ ತೂಕದ ಮರಿಗೆ ನಾಲ್ಕು ಕಾಳು ಬಿದ್ದರೂ ಹೆದರಬೇಕು. ಒಣದ್ರಾಕ್ಷಿ ಶೆಡ್ಡಿನಲ್ಲಿ ನೆಲದ ಮೇಲೆ ಉದುರಿದ್ದು ಇದ್ದೇ ಇರುತ್ತದೆ, ಮರಿ ಮೂಗು ನೆಲಕ್ಕೇ ಇಟ್ಟುಕೊಂಡು ಓಡಾಡುತ್ತದೆ. ಶೆಡ್ಡಿನ ಕಡೆ ಮರಿ ಹೋಗದಂತೆ ಜಾಳಿಗೆ ಹಾಕಿಸೋಕೆ ತಂಗಿಯವರಿಗೆ ಈಗಲೇ ಹೇಳಿ. ತೋಟಕ್ಕೆ ಔಷಧ ಹೊಡೆದ ದಿನ ಮರಿ ಮನೆಯೊಳಗೇ ಇರಬೇಕು.

ಬೇಸಿಗೆಗೆ ಇನ್ನೂ ಟೈಮಿದೆ. ಆದರೂ ಹೇಳಿಬಿಡುತ್ತೇನೆ. ಇಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಸೆಕೆ ಅಂತ ಸ್ಪಿಟ್ಜ್ ಕೂದಲು ಬೋಳಿಸುವವರಿದ್ದಾರೆ, ಬೇಡ. ಅದಕ್ಕೆ ಎರಡು ಪದರದ ಕೂದಲು, ಬಿಸಿಲಿನಿಂದ ಚರ್ಮ ಕಾಯುವುದೂ ಅದೇ. ಬೋಳಿಸಿದರೆ ಕೆಲವಕ್ಕೆ ಮತ್ತೆ ಸರಿಯಾಗಿ ಬರೋದೂ ಇಲ್ಲ. ದಿನಾ ಬಾಚಿ ಉದುರಿದ ಕೂದಲು ತೆಗೆಯಿರಿ, ಹಗಲು ಕೂಲರ್ ಇರುವ ಕೋಣೆಯಲ್ಲಿ ಇಡಿ, ಹೊರಗೆ ಒಯ್ಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ.

ನವನಗರ ಸೆಕ್ಟರ್ (ಬಾಗಲಕೋಟೆ)

ಕಾಕಾ ಕಾಕು ನವನಗರದವರು ಅಂತ ಓದಿ ಬರೆಯುತ್ತಿದ್ದೇನೆ. ನಮ್ಮ ತಂದೆ ತಾಯಿಯ ಹತ್ತಿರವೂ ಇಂಥದ್ದೇ ಸಣ್ಣ ನಾಯಿ ಇದೆ. ವಯಸ್ಸಾದವರ ಮನೆಗೆ ಸಣ್ಣ ನಾಯಿ ಚೆಂದ, ಆದರೆ ಒಂದು ವಿಷಯ ಯಾರೂ ಹೇಳೋದಿಲ್ಲ. ಮರಿ ಸುಮ್ನೆ ಬಂದು ಕಾಲ ಸಂದಿಯಲ್ಲಿ ನಿಲ್ಲುತ್ತದೆ. ಹಿರಿಯರಿಗೆ ಗೊತ್ತಾಗೋದಿಲ್ಲ, ಎಡವಿ ಬೀಳುತ್ತಾರೆ, ಇಲ್ಲಾ ಮರಿಯ ಕಾಲು ತುಳಿಯುತ್ತಾರೆ. ಮರಿಗೆ ಒಂದು ಸಣ್ಣ ಗೆಜ್ಜೆ ಕಟ್ಟಿ ಕಳಿಸಿ. ಎಲ್ಲಿದೆ ಅಂತ ಸಪ್ಪಳದಿಂದ ತಿಳಿಯುತ್ತದೆ.

ಗೆಜ್ಜೆಯನ್ನು ಕೊರಳಿಗೆ ಬಿಗಿಯಬೇಡಿ, ಎದೆ ಮೇಲೆ ಬರುವ ಹಾರ್ನೆಸ್‌ಗೆ ಕಟ್ಟಿ. ಸಣ್ಣ ತಳಿಗಳ ಗಂಟಲ ನಳಿಕೆ ಮೆತ್ತಗಿರುತ್ತದೆ. ಕೊರಳ ಪಟ್ಟಿ ಹಿಡಿದು ಎಳೆದರೆ ಆಮೇಲೆ ಜೀವಮಾನವಿಡೀ ಗೊರ್ ಗೊರ್ ಅಂತ ಕೆಮ್ಮುವ ನಾಯಿಗಳಿವೆ.

ರಾತ್ರಿಯ ವಿಷಯ. ಮೊದಲ ಮೂರ್ನಾಲ್ಕು ರಾತ್ರಿ ಅಳುತ್ತದೆ, ಅದು ಹಟ ಅಲ್ಲ. ಹುಟ್ಟಿದಾಗಿನಿಂದ ಮೈಗೆ ಮೈ ತಾಗಿಸಿ ಮಲಗಿದ ಜೀವ ಒಮ್ಮೆಲೇ ಒಂಟಿಯಾಗಿದೆ. ತುಂಬಾ ಜನ ಆಗ ಅದನ್ನು ಹಿತ್ತಲಿಗೋ ಬಚ್ಚಲಿಗೋ ಹಾಕಿ ಬಾಗಿಲು ಹಾಕುತ್ತಾರೆ, ಅತ್ತು ಅತ್ತು ಸುಮ್ಮನಾಗುತ್ತದೆ ಅಂತ. ದಯವಿಟ್ಟು ಹಾಗೆ ಮಾಡಬೇಡಿ ಅಂತ ಮೂರೂ ಮನೆಗೆ ಹೇಳಿ. ನೀವು ಮಲಗುವ ಜಾಗದ ಪಕ್ಕದಲ್ಲೇ ಒಂದು ರಟ್ಟಿನ ಡಬ್ಬಿ ಇಟ್ಟು ಅದರಲ್ಲಿ ಮಲಗಿಸಿ, ಅತ್ತಾಗ ಕೈ ಇಳಿಬಿಟ್ಟರೆ ಸಾಕು, ಮೂಸಿ ಮಲಗುತ್ತದೆ. ರಾತ್ರಿ ಒಮ್ಮೆ ಎದ್ದು ಉಚ್ಚೆಗೆ ಒಯ್ಯಬೇಕಾಗುತ್ತದೆ, ಎರಡು ತಿಂಗಳ ಮರಿಗೆ ಬೆಳತನಕ ತಡೆಯೋಕೆ ಆಗೋದಿಲ್ಲ. ಹಗಲಲ್ಲಿ ಎದ್ದ ಕೂಡಲೇ, ತಿಂದ ಕೂಡಲೇ, ಆಟ ಮುಗಿದ ಕೂಡಲೇ ಅದೇ ಜಾಗಕ್ಕೆ ಒಯ್ಯಿರಿ. ಮನೆಯಲ್ಲಿ ಮಾಡಿದರೆ ಮೂಗು ತಿಕ್ಕುವ ಪದ್ಧತಿ ಬಿಡಿ, ಅದರಿಂದ ಮರಿ ಕಲಿಯೋದು ಇಷ್ಟೇ, ಇವರ ಎದುರು ಮಾಡಬಾರದು ಅಂತ. ಆಮೇಲೆ ಕಾಟಿನ ಕೆಳಗೆ ಹೋಗಿ ಮಾಡುತ್ತದೆ.

ಈಗಲೇ ಒಂದು ಹಳೇ ಕೌದಿಯನ್ನು ನಾಲ್ಕು ತುಂಡು ಮಾಡಿ ತಾಯಿ ಮಲಗುವ ಜಾಗದಲ್ಲಿ ಹಾಸಿ. ತೊಳೆಯಬೇಡಿ. ಮರಿ ಹೋಗುವಾಗ ಒಂದೊಂದು ತುಂಡು ಜೊತೆಗೆ ಕೊಡಿ. ತಾಯಿಯ ವಾಸನೆ ಇದ್ದರೆ ಹೊಸ ಮನೆಯಲ್ಲಿ ನಿದ್ದೆ ಬರುತ್ತದೆ. ಟೈಲ್ಸ್ ಮನೆಯಾದರೆ ಓಡಾಡುವ ಜಾಗಕ್ಕೂ ಏನಾದರೂ ಹಾಸಬೇಕು. ಸಣ್ಣ ತಳಿಗಳಲ್ಲಿ ಮೊಣಕಾಲ ಚಿಪ್ಪು ಜಾರುವ ತೊಂದರೆ ಮೊದಲೇ ಜಾಸ್ತಿ, ನುಣುಪು ನೆಲದ ಮೇಲೆ ಜಾರಿ ಜಾರಿ ಇನ್ನೂ ಹಾಳಾಗುತ್ತದೆ.

ಟಿಳಕವಾಡಿ ಅಕ್ಕ (ಬೆಳಗಾವಿ)

ಕೌದಿ ಇವತ್ತೇ ಹಾಸಿದೆ. ತಂಗಿಗೂ ಹೇಳಿದೆ, ಸ್ವಲ್ಪ ಮುನಿಸಿಕೊಂಡಳು, ಆದರೆ ಒಣದ್ರಾಕ್ಷಿ ವಿಷಯ ಕೇಳಿ ಅವಳ ಗಂಡನೇ ಗಾಬರಿಯಾದರು. ಜಾಳಿಗೆ ಹಾಕಿಸುತ್ತಾರಂತೆ.

ಊಟದ್ದು ಕೇಳಬೇಕಿತ್ತು. ನಮ್ಮದು ಮತ್ತು ಕಾಕಾನದು ಎರಡೂ ಮೊಟ್ಟೆ ಮಾಂಸ ತರದ ಮನೆಗಳು. ಈಗ ಮರಿಗಳಿಗೆ ಎಮ್ಮೆ ಹಾಲಲ್ಲಿ ರೊಟ್ಟಿ ನೆನೆಸಿ ಕೊಡುತ್ತಿದ್ದೇವೆ, ಸ್ವಲ್ಪ ಭೇದಿ ಇದೆ. ಆ ಸಣ್ಣ ಮರಿ ಬೆಳಿಗ್ಗೆ ಎದ್ದಾಗ ಒಮ್ಮೊಮ್ಮೆ ತೂರಾಡುತ್ತದೆ, ತಿಂದ ಮೇಲೆ ಸರಿಹೋಗುತ್ತದೆ. ಥಂಡಿಗೆ ಹಾಗಾಗುತ್ತಾ?

ಪಶುವೈದ್ಯ (ಚಿಕ್ಕೋಡಿ)

ಸಣ್ಣ ಮರಿಯ ವಿಷಯ ಮೊದಲು. ತೂರಾಡುವುದು, ತಿಂದ ಮೇಲೆ ಸರಿಯಾಗುವುದು, ಇದು ರಕ್ತದಲ್ಲಿ ಸಕ್ಕರೆ ಇಳಿದದ್ದರ ಲಕ್ಷಣ ಇರಬಹುದು. ಸಣ್ಣ ತಳಿಯ ಮರಿಗಳಿಗೆ, ಅದರಲ್ಲೂ ಗುಂಪಿನಲ್ಲಿ ಅತಿ ಸಣ್ಣದಕ್ಕೆ, ಮೂರ್ನಾಲ್ಕು ತಿಂಗಳವರೆಗೆ ಈ ಅಪಾಯ ಇರುತ್ತದೆ. ಅವುಗಳ ಲಿವರ್ ಸಕ್ಕರೆ ಕೂಡಿಡುವಷ್ಟು ಬೆಳೆದಿರುವುದಿಲ್ಲ, ರಾತ್ರಿಯಿಡೀ ಖಾಲಿ ಹೊಟ್ಟೆ ಇದ್ದರೆ ತಡೆಯೋದಿಲ್ಲ. ಥಂಡಿ ಹಿಡಿದರೆ ಇನ್ನೂ ಬೇಗ ಇಳಿಯುತ್ತದೆ, ಹಾಗಾಗಿ ನಿಮ್ಮ ಅನುಮಾನದಲ್ಲೂ ಹುರುಳಿದೆ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿ. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಬೇಗ ಎದ್ದು ಒಮ್ಮೆ. ತೂರಾಡಿದರೆ, ನಡುಗಿದರೆ, ಮಂಕಾದರೆ, ಸಕ್ಕರೆ ನೀರನ್ನೋ ಜೇನುತುಪ್ಪವನ್ನೋ ಬೆರಳಿಂದ ಒಸಡಿಗೆ ಸವರಿ, ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಇಲ್ಲದ ಮರಿಯ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಸವರಿದ ಮೇಲೆ ಚುರುಕಾದರೂ ಡಾಕ್ಟರಿಗೆ ತೋರಿಸಲೇಬೇಕು, ಜಂತು ಜಾಸ್ತಿಯಾದರೂ ಹೀಗಾಗುತ್ತದೆ. ನಾಳೆಯೇ ಒಯ್ಯಿರಿ.

ಎಮ್ಮೆ ಹಾಲು ನಿಲ್ಲಿಸಿ. ಅದರಲ್ಲಿರುವ ಸಕ್ಕರೆ ಅಂಶ ಮರಿಗಳಿಗೆ ಜೀರ್ಣವಾಗದೆ ಭೇದಿ ಆಗುತ್ತದೆ. ರೊಟ್ಟಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಎಲುಬು, ಮಾಂಸಖಂಡ ಬೆಳೆಯೋಕೆ ಬೇಕಾದ್ದು ಅದರಲ್ಲಿಲ್ಲ. ಮಾಂಸ ಮಾಡದ ಮನೆಯವರಿಗೆ ನನ್ನ ಸಲಹೆ, ಮರಿಗಳಿಗೆಂದೇ ಮಾಡಿದ ಅಂಗಡಿಯ ಪಪ್ಪಿ ಫುಡ್ ತನ್ನಿ. ಕಾಳು ಸಣ್ಣಗಿರುವ, ಸಣ್ಣ ತಳಿಯದ್ದು ನೋಡಿ. ಬೆಚ್ಚಗಿನ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡಿ, ಎಂಟು ವಾರ ಆಗುವಷ್ಟರಲ್ಲಿ ನೀರು ಕಡಿಮೆ ಮಾಡುತ್ತಾ ಬನ್ನಿ. ಅಡುಗೆಮನೆಯಲ್ಲಿ ಮಾಂಸ ಬೇಯಿಸುವ ಪ್ರಶ್ನೆಯೂ ಇಲ್ಲ. ಪಪ್ಪಿ ಫುಡ್ ತಿನ್ನುವ ಮರಿಗೆ ಮತ್ತೆ ಕ್ಯಾಲ್ಸಿಯಂ ಸಿರಪ್ ಬೇಡ. ಹೊಸ ಮನೆಗಳಲ್ಲೂ ಒಂದು ವಾರ ಹತ್ತು ದಿನ ಅದೇ ತಿನಿಸು ನಡೆಯಲಿ, ಬದಲಿಸಬೇಕೆಂದರೆ ಆಮೇಲೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಿಸಲಿ. ಹೊಸ ಜಾಗ, ಹೊಸ ಊಟ ಎರಡೂ ಒಟ್ಟಿಗೆ ಆದರೆ ಭೇದಿ ಗ್ಯಾರಂಟಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಪಲ್ಯ, ಸಾರು ಯಾವತ್ತೂ ಬೇಡ, ರಕ್ತ ಕಡಿಮೆಯಾಗುತ್ತದೆ. ಚಾಕೊಲೇಟ್ ಕೊಡಲೇಬಾರದು ಅಂತ ಮಕ್ಕಳಿರುವ ಮನೆಗೆ ಒತ್ತಿ ಹೇಳಿ.

ಜಂತಿನ ಔಷಧ ಎರಡು ವಾರಕ್ಕೊಮ್ಮೆ, ಮೂರು ತಿಂಗಳವರೆಗೆ, ತೂಕ ನೋಡಿ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ತಾಯಿಗೂ ಕೊಡಿಸಿ. ಪಾರ್ವೊ, ಡಿಸ್ಟೆಂಪರ್ ಅನ್ನುವ ಎರಡು ವೈರಸ್ ರೋಗಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರ್ನಾಲ್ಕು ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ ಬೀಳಬೇಕು. ಒಂದೇ ಸಲ ಹಾಕಿಸಿ ಮುಗಿಯಿತು ಅನ್ನುವವರೇ ಜಾಸ್ತಿ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯೋದಿಲ್ಲ. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಅಂತ ಹೊರಗಿಂದ ತಿಳಿಯೋದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕೋದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಮೊದಲ ಲಸಿಕೆಯ ಚೀಟಿ ಮರಿಯ ಜೊತೆಗೇ ಹೋಗಲಿ.

ಇನ್ನೊಂದು ಪ್ರಶ್ನೆ ಮೂರೂ ಮನೆಗೆ ಕೇಳಿ, ಈಚೆಗೆ ಆ ಮನೆಯಲ್ಲಿ ಯಾವುದಾದರೂ ಮರಿ ರಕ್ತಭೇದಿಯಿಂದ ಸತ್ತಿದೆಯಾ ಅಂತ. ಪಾರ್ವೊ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೌದು ಅಂದರೆ ಅಲ್ಲಿಗೆ ಈಗ ಕಳಿಸಬೇಡಿ.

ಗೋಕಾಕ ಕರದಂಟು (ಗೋಕಾಕ)

ಡಾಕ್ಟರು ಹೇಳಿದ ಮೇಲೆ ನಾನೇನು ಹೇಳೋದು, ದಾರಿಯದ್ದು ಮಾತ್ರ ಸೇರಿಸುತ್ತೇನೆ. ಬೆಳಗಾವಿಯಿಂದ ಬಾಗಲಕೋಟೆ, ವಿಜಯಪುರ ಅಂದರೆ ಕಾರಲ್ಲಿ ತಾಸುಗಟ್ಟಲೆ ದಾರಿ. ಯರಗಟ್ಟಿ, ಲೋಕಾಪುರದಲ್ಲಿ ಚಹಾಕ್ಕೆ ನಿಲ್ಲಿಸುತ್ತಾರೆ, ಎಲ್ಲರೂ ಮಾಡೋದು ಒಂದೇ, ಪಾಪ ಅಂತ ಮರಿಯನ್ನು ಧಾಬಾ ಮುಂದೆ ಮಣ್ಣಿಗೆ ಬಿಡೋದು. ಅಲ್ಲಿ ಬೀದಿನಾಯಿಗಳು ಓಡಾಡಿರುತ್ತವೆ, ಲಸಿಕೆ ಪೂರ್ತಿಯಾಗದ ಮರಿಗೆ ಪಾರ್ವೊ ಹತ್ತೋದು ಇಂಥ ಕಡೆಯೇ. ಬುಟ್ಟಿಯಲ್ಲೇ ಪೇಪರ್ ಹಾಸಿ, ಅಲ್ಲೇ ಮಾಡಲಿ. ಹೊರಡುವ ಮುಂಚೆ ಹೊಟ್ಟೆ ತುಂಬಾ ತಿನ್ನಿಸಿದರೆ ವಾಂತಿ, ಹಾಗಂತ ಸಣ್ಣ ಮರಿಯನ್ನು ಪೂರ್ತಿ ಖಾಲಿ ಹೊಟ್ಟೆಯಲ್ಲೂ ಒಯ್ಯಬಾರದು. ದಾರಿಯಲ್ಲಿ ಒಂದೊಂದು ತುತ್ತು ಕೊಡುತ್ತಿರಲಿ.

ಹೋದ ದಿನವೇ ಓಣಿಯ ಮಂದಿಯೆಲ್ಲ ಬಂದು ಎತ್ತಾಡೋದು ಬೇಡ. ಶಹಾಪುರದ ಮಕ್ಕಳಿಗೆ ಒಂದೇ ನಿಯಮ ಸಾಕು, ಮರಿ ಬೇಕಂದರೆ ನೆಲದ ಮೇಲೆ ಕೂತು ತೊಡೆ ಮೇಲೆ ಕರೆಯಬೇಕು, ನಿಂತು ಎತ್ತಬಾರದು. ಸೋಫಾದ ಎತ್ತರದಿಂದ ಬಿದ್ದರೂ ಈ ಮರಿಗಳ ಮುಂಗಾಲು ಮುರಿಯುತ್ತದೆ.

ಟಿಳಕವಾಡಿ ಅಕ್ಕ (ಬೆಳಗಾವಿ)

ಸಣ್ಣ ಮರಿಯನ್ನು ತೋರಿಸಿ ಬಂದೆ. ಡಾಕ್ಟರು ಜಂತಿನ ಔಷಧ ಕೊಟ್ಟರು, ಸಕ್ಕರೆ ಇಳಿಯುವುದರ ಬಗ್ಗೆ ಅವರೂ ಇದನ್ನೇ ಹೇಳಿದರು. ಈಗ ಪಪ್ಪಿ ಫುಡ್ ನೆನೆಸಿ ಕೊಡುತ್ತಿದ್ದೇವೆ, ಭೇದಿ ನಿಂತಿದೆ. ಆ ಸಣ್ಣ ಮರಿಯನ್ನು ಯಾರಿಗೂ ಕೊಡೋದಿಲ್ಲ, ನಮ್ಮಲ್ಲೇ ಇರಲಿ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದರು.

ಕೊನೆಗೆ ಒಂದು. ಎಂಟು ವಾರ ಆಗುವ ಹೊತ್ತಿಗೆ ಸರಿಯಾಗಿ ಗಣಪತಿ ಹಬ್ಬ. ಪಟಾಕಿ, ಡಾಲ್ಬಿ ಅಂದರೆ ದೊಡ್ಡ ಸ್ಪೀಕರ್, ಎಲ್ಲ ಇರುತ್ತೆ. ಆಗಲೇ ಕಳಿಸಬಹುದಾ?

ಪಶುವೈದ್ಯ (ಚಿಕ್ಕೋಡಿ)

ವಿಸರ್ಜನೆ ಮುಗಿಯಲಿ. ಎಂಟರಿಂದ ಹತ್ತು ಹನ್ನೊಂದು ವಾರದ ನಡುವೆ ಮರಿಗಳಿಗೆ ಭಯ ಬೇಗ ನಾಟುತ್ತದೆ. ತಾಯಿ ಬಿಟ್ಟು ಬಂದ ಮೊದಲ ರಾತ್ರಿಯೇ ಮನೆ ಮುಂದೆ ಡಾಲ್ಬಿ ಹಚ್ಚಿದರೆ ಆ ಭಯ ದೊಡ್ಡದಾದ ಮೇಲೂ ಹೋಗುವುದು ಕಷ್ಟ. ಹತ್ತು ವಾರಕ್ಕೆ ಕೊಟ್ಟರೆ ಏನೂ ನಷ್ಟವಿಲ್ಲ.

ಆದರೆ ಆ ಎರಡು ವಾರ ಮರಿಗಳನ್ನು ಕೋಣೆಯಲ್ಲಿ ಕೂಡಿಹಾಕಿ ಇಡಬೇಡಿ. ಮಿಕ್ಸರ್, ಕುಕ್ಕರ್ ಸೀಟಿ, ಕರೆಗಂಟೆ, ಟೋಪಿ ಹಾಕಿದವರು, ಗಡ್ಡದವರು, ಕೋಲು ಹಿಡಿದ ಅಜ್ಜ, ಎಲ್ಲವನ್ನೂ ನೋಡಲಿ, ಕೇಳಲಿ. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಮೆಲ್ಲಗೆ ಹಾಕಿ, ಅದೇ ಹೊತ್ತಿಗೆ ತಿನ್ನಲು ಕೊಡಿ, ದಿನದಿಂದ ದಿನಕ್ಕೆ ಒಂಚೂರು ಜೋರು ಮಾಡಿ. ಹೆದರಿದರೆ ಸದ್ದು ಇಳಿಸಿ. ದಿನಕ್ಕೊಂದು ಮರಿಯನ್ನು ಸ್ವಲ್ಪ ಹೊತ್ತು ಬೇರೆ ಕೋಣೆಯಲ್ಲಿ ನಿಮ್ಮ ಜೊತೆ ಒಂದೇ ಇಟ್ಟುಕೊಳ್ಳಿ, ಒಂಟಿ ಇರುವ ರೂಢಿ ಆಗುತ್ತದೆ. ಮೂರನ್ನೂ ಒಂದೇ ದಿನ ಕಳಿಸಬೇಡಿ. ಎರಡು ಮೂರು ದಿನ ಬಿಟ್ಟು ಒಂದೊಂದು ಹೋದರೆ ತಾಯಿಯ ಹಾಲು ಕಟ್ಟಿ ಮೊಲೆ ಬಾಯುವುದು ತಪ್ಪುತ್ತದೆ. ತಾಯಿ ನಡುಗಿದರೆ, ಕಾಲು ಬಿಗಿದು ನಡೆದರೆ, ಜ್ವರದಿಂದ ಮೈ ಸುಡುತ್ತಿದ್ದರೆ ತಡಮಾಡಬೇಡಿ, ಹಾಲೂಡಿಸುವ ಸಣ್ಣ ನಾಯಿಗಳಲ್ಲಿ ಕ್ಯಾಲ್ಸಿಯಂ ಇಳಿದು ಹೀಗಾಗುತ್ತದೆ, ಅದು ಅವತ್ತೇ ಇಂಜೆಕ್ಷನ್ ಬೇಕಾಗುವ ಕಾಯಿಲೆ.