ಸಹಾಯ ಬೇಕು: ಪೆರು ಸಂವಿಧಾನದ ಒಂದು ಮಾತು ಅರ್ಥವಾಗುತ್ತಿಲ್ಲ

ನಮಸ್ಕಾರ. ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಪೆರುವಿನಲ್ಲಿ ಅಧ್ಯಕ್ಷರನ್ನು ಜನರೇ 5 ವರ್ಷಕ್ಕೆ ಆರಿಸುತ್ತಾರೆ. ಆದರೂ ಸಂವಿಧಾನದ 113ನೇ ವಿಧಿಯಲ್ಲಿ ಅವರನ್ನು ಕೆಳಗಿಳಿಸಲು ‘ಶಾಶ್ವತ ನೈತಿಕ ಅಸಾಮರ್ಥ್ಯ’ ಅಂತ ಒಂದು ಕಾರಣ ಇದೆ. ಸಂಸತ್ತಿನಲ್ಲಿ ಒಂದೇ ಸದನ, 130 ಸದಸ್ಯರು ಇದ್ದಾಗ 87 ಮತ ಬಿದ್ದರೆ ಅಧ್ಯಕ್ಷರು ಮನೆಗೆ ಹೋಗಬೇಕಿತ್ತು! 2020ರ ನವೆಂಬರ್‌ನಲ್ಲಿ ಅಧ್ಯಕ್ಷ ವಿಸ್ಕಾರಾ ಹೋಗಿದ್ದು ಹೀಗೇ. 2022ರ ಡಿಸೆಂಬರ್ 7ರಂದು ಆಗಿನ ಅಧ್ಯಕ್ಷ ಕಾಸ್ತಿಯೊ ಸಂಸತ್ತನ್ನೇ ವಿಸರ್ಜಿಸಲು ಹೊರಟರು. ಅದೇ ದಿನ 101 ಮತ ಬಿದ್ದು ಅವರೇ ಹೊರಬಿದ್ದರು.

ಮೊನ್ನೆ ಕೊನೇ ಬೆಂಚಿನ ಹುಡುಗಿ ಕೇಳಿದಳು: “ಸರ್, ನೈತಿಕ ಅಂದ್ರೆ ಲಂಚಾನಾ, ಸುಳ್ಳು ಹೇಳೋದಾ?” ಸುಮ್ನೆ ನಿಂತೆ. ಸ್ಪ್ಯಾನಿಷ್ ಬಲ್ಲವರು ಯಾರಾದರೂ ಇದ್ದೀರಾ? ಆ ಮಾತಿನ ಅರ್ಥವನ್ನು ಅಲ್ಲಿನ ಕೋರ್ಟು ಎಲ್ಲಾದರೂ ಬಿಡಿಸಿ ಹೇಳಿದೆಯಾ? ತೀರ್ಪಿನ ಲಿಂಕ್ ಕೊಟ್ಟರೂ ಸಾಕು. ಗುರುವಾರ ಮತ್ತೆ ಅದೇ ಕ್ಲಾಸ್ ಇದೆ, ಅವಳು ಬಿಡುವವಳಲ್ಲ.