ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎದ್ದು ಹೋಗಲು ಕಾಲೇ ಬರುತ್ತಿಲ್ಲ, ಏನು ಮಾಡಲಿ?

ಬೆಟಗೇರಿ ಅಕ್ಕ:
ಎಲ್ಲರಿಗೂ ವಂದನೆ. ನಾಲ್ಕು ವರ್ಷದಿಂದ ಯಾರಿಗೂ ಹೇಳದ ಮಾತಿದು. ಅತ್ತೆ ತೀರಿಕೊಂಡಾಗ ಅವರ ಚಿನ್ನದ ಗುಂಡುಗಳ ಬೋರಮಾಳ ಸರ ನನ್ನ ಹತ್ತಿರ ಇತ್ತು. ಔಷಧಿ ಖರ್ಚಿಗೆ ಮಾರಿಬಿಟ್ಟೆವು ಅಂತ ನೆಗೆಣ್ಣಿಗೆ ಸುಳ್ಳು ಹೇಳಿದೆ. ಅದು ಇನ್ನೂ ನನ್ನ ಟ್ರಂಕಿನಲ್ಲೇ ಇದೆ, ಅತ್ತೆಯ ಹಳೇ ಇಳಕಲ್ ಸೀರೆಯ ಮಡಿಕೆಯೊಳಗೆ. ಒಂದು ದಿನವೂ ಕೊರಳಿಗೆ ಹಾಕಿಲ್ಲ.

ದೇವರ ಮುಂದೆ ಅತ್ತು ಕ್ಷಮೆ ಕೇಳಿದ್ದೇನೆ. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ 40 ದಿನ ಒಪ್ಪೊತ್ತು ಉಂಡು, ದಿನಾ ಬೈಬಲಿನ 51ನೇ ಕೀರ್ತನೆ ಓದಿದೆ. ನಮ್ಮ ಕಡೆ ನಳದ ನೀರು ಎಷ್ಟೋ ದಿನಕ್ಕೊಮ್ಮೆ ಬರುತ್ತದೆ. ಬಂದಾಗ ಬ್ಯಾರಲ್ ತೊಳೆಯಲು ಪುರುಸೊತ್ತಿರುವುದಿಲ್ಲ, ಹಳೇ ನೀರಿನ ಮೇಲೇ ಹೊಸದನ್ನು ತುಂಬುತ್ತೇವೆ. ಮೇಲೆ ತಿಳಿ. ತಂಬಿಗೆ ತಳಕ್ಕೆ ತಾಗಿದರೆ ರಾಡಿ ಏಳುತ್ತದೆ. ನನ್ನ ಪ್ರಾರ್ಥನೆಯೂ ಹಾಗೇ ಆಗಿದೆ.

ಮೂರು ತಿಂಗಳಿಂದ ಭೋಜನದ ಭಾನುವಾರ ಮೊಣಕಾಲು ನೋವು ಅಂತ ಬೆಂಚಿನಲ್ಲೇ ಕೂತಿದ್ದೇನೆ. ಅದೂ ಸುಳ್ಳೇ ಅಲ್ವಾ? ದೇವರಿಗೆ ಒಪ್ಪಿಕೊಂಡರೆ ಸಾಕಾ?

ಹಾವೇರಿ ತಮ್ಮ:
ಅಕ್ಕಾ, 1 ಯೋಹಾನ 1:9 ನೋಡಿ. ಒಪ್ಪಿಕೊಂಡವರನ್ನು ದೇವರು ಕ್ಷಮಿಸಿ ಶುದ್ಧಿ ಮಾಡುತ್ತಾನೆ ಅಂತ ಇದೆ. ನಂಬಿ. ಹಳೇದನ್ನು ಜಾಸ್ತಿ ಕೆದಕಬೇಡಿ.

ಕೇಶ್ವಾಪುರದವನು:
ನಾನು ಕಥೋಲಿಕ. ಹುಡುಗನಿದ್ದಾಗ ಕೆಲಸದ ಅಂಗಡಿಯ ಗಲ್ಲಾದಿಂದ ದುಡ್ಡು ತೆಗೆದಿದ್ದೆ. ಪಾಪನಿವೇದನೆಯಲ್ಲಿ ಹೇಳಿದೆ. ಫಾದರ್ ಕ್ಷಮೆಯ ಪ್ರಾರ್ಥನೆ ಹೇಳಿದರು, ಜೊತೆಗೆ ದುಡ್ಡು ತಿರುಗಿ ಕೊಡು ಅಂದರು. ಕದ್ದದ್ದನ್ನು ಮರಳಿಸಬೇಕು ಅನ್ನುವುದು ನಮ್ಮಲ್ಲಿ ಬೋಧನೆಯೇ. ಆ ರಾತ್ರಿ ನಿದ್ದೆ ಬರಲಿಲ್ಲ. ಕೊಟ್ಟು ಬಂದ ದಿನ ಬಂತು.

ಧಾರವಾಡ ಮಾಸ್ತರ:
ತಂಗೀ, ತಮ್ಮ ಹೇಳಿದ ವಚನ ನಿಜ. ಆದರೆ ಕೆದಕಬೇಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನೀವು ಓದಿದ 51ನೇ ಕೀರ್ತನೆಯ ತಲೆಬರಹ ನೋಡಿ. ಪ್ರವಾದಿ ನಾತಾನ ಬಂದು ಅರಸ ದಾವೀದನ ತಪ್ಪನ್ನು ಮುಖದ ಮುಂದೆಯೇ ಹೇಳಿದ ಮೇಲೆ ಹುಟ್ಟಿದ ಹಾಡು ಅದು. ಮತ್ತಾಯ 5:23-24 ಇನ್ನೂ ನೇರವಾಗಿದೆ: ಕಾಣಿಕೆಯನ್ನು ಯಜ್ಞವೇದಿಯ ಹತ್ತಿರವೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ಒಂದಾಗು.

ಧಾರವಾಡಕ್ಕೆ ಪ್ರೊಟೆಸ್ಟಂಟ್ ಮಿಶನರಿಗಳ ಬಾಸೆಲ್ ಮಿಶನ್ ಬಂದದ್ದು 1837ರಲ್ಲಿ. ನಮ್ಮದು ಆ ಸಭೆಯ ಮನೆತನ. ಭೋಜನದ ಹಿಂದಿನ ದಿನ ನಮ್ಮಜ್ಜ ರುಮಾಲು ಸುತ್ತಿಕೊಂಡು ಹೊರಡುತ್ತಿದ್ದರು, ಜಗಳವಾದವರ ಮನೆಗೆ.

ಒಂದು ಮಾತು ಮಾತ್ರ ಮರೆಯಬೇಡಿ. ಸರ ಕೊಟ್ಟು ಕ್ಷಮೆ ಕೊಂಡುಕೊಳ್ಳಲು ಆಗುವುದಿಲ್ಲ. ಯೇಸುವನ್ನು ನೋಡಲು ಮರ ಹತ್ತಿದ್ದ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದದ್ದು ಯೇಸು ಅವನನ್ನು ಮರದಿಂದ ಇಳಿಸಿ, ನಿನ್ನ ಮನೆಗೇ ಬರುತ್ತೇನೆ ಅಂದ ಮೇಲೆ. ಕರೆ ಮೊದಲು ಬಂತು. ನಿಮಗೂ ಬಂದಿದೆ. ಇಲ್ಲದಿದ್ದರೆ ಆ ಟ್ರಂಕು ಇಷ್ಟು ಭಾರ ಆಗುತ್ತಿರಲಿಲ್ಲ.

ಬೆಟಗೇರಿ ಅಕ್ಕ:
ಮಾಸ್ತರೇ, ನಿನ್ನೆ ಬಸ್ಸು ಹತ್ತಿ ರೋಣಕ್ಕೆ ಹೋಗಿ ಬಂದೆ. ನೆಗೆಣ್ಣಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಸೀರೆ ಸಮೇತ ಅವಳ ಮುಂದೆ ಇಟ್ಟು ಎಲ್ಲ ಹೇಳಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಸೀರೆಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕೂತಳು. ಗುಂಡುಗಳನ್ನು ಒಂದೊಂದಾಗಿ ಎಣಿಸಿದಳು, ಮತ್ತೆ ಎಣಿಸಿದಳು. ಕ್ಷಮಿಸಿದೆ ಅಂತ ಅನ್ನಲಿಲ್ಲ. ನಾನು ಎದ್ದಾಗ ಮೊರ ಬದಿಗಿಟ್ಟು, "ರೊಟ್ಟಿ ಬಡೀತೀನಿ, ಉಂಡು ಹೋಗು" ಅಂದಳು.